ಕೂರದ ಬಾಗಿಲು: 1954ರ ಒಂದು ಸೆಸ್ನಾ 170ಬಿ ವಿಮಾನದ ದುರಸ್ತಿ

ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಸಣ್ಣ ಊರಿನ ಹ್ಯಾಂಗರ್‌ನಲ್ಲಿ ನಡೆದ ಕೆಲಸ ಇದು. ವಿಮಾನ 1954ರ ಸೆಸ್ನಾ 170ಬಿ. ಮಾಲೀಕರ ದೂರು ಬಲಗಡೆ ಬಾಗಿಲಿನ ಬಗ್ಗೆ. ಅದು ಸರಿಯಾಗಿ ಕೂರುತ್ತಿರಲಿಲ್ಲ. ಹಾರುವಾಗ ಸಿಳ್ಳೆ ಹೊಡೆಯುತ್ತಿತ್ತು, ಮಳೆ ಬಂದರೆ ಒಳಗೆ ನೀರು. ಗಾಳಿಯಲ್ಲಿದ್ದಾಗಲೇ ತೆರೆದುಕೊಂಡದ್ದೂ ಉಂಟು. ಬಾಗಿಲು ಸರಿ ಮಾಡುವುದರ ಜೊತೆಗೆ ಕಾಕ್‌ಪಿಟ್ ಒಳಗಿನ ಹಿಡಿ, ಗುಬ್ಬಿ (ನಾಬ್), ಸೀಟು, ಬಟ್ಟೆ ಎಲ್ಲವನ್ನೂ ಆ ಕಾಲದ ರೂಪಕ್ಕೆ ತರಬೇಕು ಎಂಬುದು ಅವರ ಆಸೆ.

ಮಾಲೀಕರು ಚಳ್ಳಕೆರೆ ಕಡೆಯವರು. ನಿವೃತ್ತ ಎಂಜಿನಿಯರ್. ಕನ್ನಡ ಕೂಟದ ಊಟದಲ್ಲಿ ಪರಿಚಯವಾದ ಹಿರಿಯರು. ನನ್ನ ಹತ್ತಿರ ವಿಮಾನ ಮೆಕ್ಯಾನಿಕ್ ಲೈಸೆನ್ಸ್ ಇದೆ ಎಂದು ಗೊತ್ತಾದ ದಿನದಿಂದ ಅವರು ಆ ಬಾಗಿಲಿನ ಮಾತು ಬಿಟ್ಟಿರಲಿಲ್ಲ. "ನೋಡಪ್ಪ, ಹೊಸ ರಬ್ಬರ್ ಬೀಡಿಂಗ್ ಹಾಕಿಸಿದೆ, ಕೀಲು ಬಿಗಿ ಮಾಡಿಸಿದೆ, ತಗಡು ತಟ್ಟಿಸಿದೆ. ಆರು ತಿಂಗಳಿಗೆ ಮತ್ತೆ ಅದೇ ಕಥೆ" ಎನ್ನುತ್ತಿದ್ದರು. ಆ ಕೊನೆಯ ಮಾತೇ ನನ್ನ ಕಿವಿ ನೆಟ್ಟಗೆ ಮಾಡಿದ್ದು. ಬಾಗಿಲಿನದೇ ದೋಷವಾಗಿದ್ದರೆ ಇಷ್ಟು ಸಲ ರಿಪೇರಿ ಮಾಡಿದ ಮೇಲೆ ಒಂದು ಸಲವಾದರೂ ನಿಲ್ಲಬೇಕಿತ್ತು, ಅಲ್ವಾ?

ವಿಮಾನದ ಬಗ್ಗೆ ಸ್ವಲ್ಪ. ಸೆಸ್ನಾ 170 ತಯಾರಾದದ್ದು 1948ರಿಂದ 1956ರವರೆಗೆ. ಒಟ್ಟು ಐದು ಸಾವಿರಕ್ಕೂ ಜಾಸ್ತಿ ಬಂದವು. ರೆಕ್ಕೆ ಮೇಲೆ, ಅದಕ್ಕೆ ಓರೆಯಾಗಿ ಆತುಕೊಂಡ ಸ್ಟ್ರಟ್, ನಾಲ್ಕು ಸೀಟು, 145 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಸೆಸ್ನಾ 172 ನೋಡಿದವರಿಗೆ ಇದರ ಮುಖ ತಕ್ಷಣ ಗುರುತು ಸಿಗುತ್ತದೆ. ಇದೇ 170ಕ್ಕೆ ಮೂಗಿನ ಕೆಳಗೆ ಚಕ್ರ ಕೊಟ್ಟು 1956ರಲ್ಲಿ ಮಾರಾಟಕ್ಕೆ ತಂದದ್ದು 172. ನಮ್ಮ 170ರಲ್ಲಿ ಮೂರನೇ ಚಕ್ರ ಬಾಲದ ಕೆಳಗಿದೆ. ಈ ವ್ಯತ್ಯಾಸ ನೆನಪಿರಲಿ, ಬಾಗಿಲಿನ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಬಾಗಿಲು ಏನು ಹೇಳುತ್ತಿತ್ತು

ಮೊದಲ ದಿನ ಉಪಕರಣದ ಪೆಟ್ಟಿಗೆ ತೆರೆಯಲೇ ಇಲ್ಲ. ಬಾಗಿಲು ಮುಚ್ಚಿ ಸುತ್ತಲೂ ಸಂದು ನೋಡಿದೆ. ಮೇಲಿನ ಹಿಂಬದಿ ಮೂಲೆಯಲ್ಲಿ ಉಗುರು ತೂರದಷ್ಟು ಬಿಗಿ. ಕೆಳಗಿನ ಹಿಂಬದಿ ಮೂಲೆಯಲ್ಲಿ ಕಿರುಬೆರಳು ಹೋಗುವಷ್ಟು ಜಾಗ. ಅಷ್ಟೇ ಅಲ್ಲ, ಆ ಕೆಳಮೂಲೆ ವಿಮಾನದ ಮೈಯಿಂದ ಹೊರಗೂ ಚಾಚಿಕೊಂಡಿತ್ತು. ಎಡಗಡೆ ಬಾಗಿಲಿನ ಸಂದು ಸುತ್ತಲೂ ಹೆಚ್ಚುಕಡಿಮೆ ಒಂದೇ ಸಮ.

ಆಮೇಲೆ ಬಾಗಿಲನ್ನು ಬಿಟ್ಟು, ಅದು ಕೂರುವ ಚೌಕಟ್ಟನ್ನು ಅಳೆದೆ. ಮೂಲೆಯಿಂದ ಮೂಲೆಗೆ, ಎಡಕ್ಕೂ ಬಲಕ್ಕೂ. ಎರಡೂ ಒಂದಕ್ಕೊಂದು ಕನ್ನಡಿಯ ಬಿಂಬದ ಹಾಗೆ ಇರಬೇಕು. ಇರಲಿಲ್ಲ. ಹಳೇ ಮನೆಯ ಬಾಗಿಲು ಹೊಸ್ತಿಲಿಗೆ ತಾಗಿದರೆ ಅನುಭವ ಇರುವ ಬಡಗಿ ತಕ್ಷಣ ತೋಪಡ ಹಿಡಿಯುವುದಿಲ್ಲ, ಗೋಡೆ ಕುಸಿದಿದೆಯಾ ಅಂತ ನೋಡುತ್ತಾನೆ. ಇಲ್ಲೂ ಅದೇ ನ್ಯಾಯ.

ಈ ವಿಮಾನದಲ್ಲಿ ಬಾಗಿಲಿನ ಕೀಲುಗಳು ಮುಂದಿನ ಕಂಬಕ್ಕೆ ಇವೆ. ಅದು ಸುಮ್ನೆ ಕೀಲು ಹಿಡಿಯಲು ನಿಂತಿರುವ ಕಂಬ ಅಲ್ಲ. ಅದರ ತಲೆಯ ಹತ್ತಿರ ರೆಕ್ಕೆಯ ಮುಖ್ಯ ತೊಲೆಯ ಭಾರ ಬಂದು ಸೇರುತ್ತದೆ. ಅದರ ಬುಡದ ಹತ್ತಿರ ರೆಕ್ಕೆಯ ಸ್ಟ್ರಟ್ ಬಂದು ಕೂರುತ್ತದೆ. ಅಲ್ಲೇ, ನೆಲಹಾಸಿನ ಕೆಳಗೆ, ಚಕ್ರದ ಕಾಲನ್ನು ಹಿಡಿದಿಟ್ಟುಕೊಂಡಿರುವ ಪೆಟ್ಟಿಗೆಯಂಥ ಕಟ್ಟು ಇದೆ. ಮೆಕ್ಯಾನಿಕ್‌ಗಳು ಅದನ್ನು ಗೇರ್ ಬಾಕ್ಸ್ ಎಂದು ಕರೆಯುತ್ತಾರೆ, ಕಾರಿನ ಗೇರಿಗೂ ಇದಕ್ಕೂ ಸಂಬಂಧ ಇಲ್ಲ. ಚಕ್ರದ ಕಾಲು ಒಂದೇ ಸ್ಪ್ರಿಂಗ್ ಸ್ಟೀಲ್ ಪಟ್ಟಿ. ಇದು ಸ್ಟೀವ್ ವಿಟ್‌ಮನ್ ಎಂಬ ರೇಸ್ ಪೈಲಟ್ ಕಂಡುಕೊಂಡ ವಿನ್ಯಾಸ, ಸೆಸ್ನಾ ಅವರಿಂದ ಹಕ್ಕು ಪಡೆದು ಬಳಸಿತು. ಎಷ್ಟು ಸರಳವೋ ಅಷ್ಟು ಗಟ್ಟಿ. ಆದರೆ ಗಟ್ಟಿಯಾದ ಉದ್ದನೆಯ ಪಟ್ಟಿಗೆ ಪಕ್ಕದಿಂದ ಪೆಟ್ಟು ಬಿದ್ದರೆ ಅದು ಸನ್ನೆಗೋಲಾಗುತ್ತದೆ. ಪಟ್ಟಿಗೆ ಏನೂ ಆಗದೆ ಅದನ್ನು ಹಿಡಿದ ತೆಳು ಅಲ್ಯೂಮಿನಿಯಂ ಕಟ್ಟು ಹರಿಯುತ್ತದೆ.

ಪಕ್ಕದ ಪೆಟ್ಟು ಎಲ್ಲಿಂದ ಬರುತ್ತದೆ? ಬಾಲದಲ್ಲಿ ಚಕ್ರ ಇರುವ ವಿಮಾನದ ಭಾರದ ಕೇಂದ್ರ ಮುಂದಿನ ಎರಡು ಚಕ್ರಗಳ ಹಿಂದೆ ಇರುತ್ತದೆ. ಇಳಿಯುವಾಗ ಮೂಗು ಸ್ವಲ್ಪ ಅಡ್ಡ ತಿರುಗಿದರೂ ಹಿಂದಿನ ಭಾರ ಮುಂದೆ ಬರಲು ನೋಡುತ್ತದೆ. ಪೈಲಟ್ ಬಾಲದ ಚುಕ್ಕಾಣಿಯಾದ ರಡ್ಡರ್ ಒತ್ತಿ ತಡೆಯದೇ ಇದ್ದರೆ ವಿಮಾನ ನೆಲದ ಮೇಲೇ ಗಿರಕಿ ಹೊಡೆಯುತ್ತದೆ. ಇದು ಗ್ರೌಂಡ್ ಲೂಪ್. ಹೊರಬದಿಯ ಚಕ್ರದ ಕಾಲಿನ ಮೇಲೆ ಬೀಳುವ ಹೊಡೆತ ನೇರ ಗೇರ್ ಬಾಕ್ಸಿಗೆ, ಅಲ್ಲಿಂದ ಬಾಗಿಲ ಕಂಬದ ಬುಡಕ್ಕೆ. ಹಳೆಯ ಸೆಸ್ನಾ ಕೊಳ್ಳಲು ಹೋದವರು ಬಾಗಿಲಿನ ಸಂದು ನೋಡಬೇಕು ಎಂದು ಹಿರಿಯ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ.

ಹಿಂದೆ ಯಾವಾಗಲೋ ಇಂಥ ಪೆಟ್ಟು ಬಿದ್ದು ಬಲಗಡೆ ಕಟ್ಟು ಸಡಿಲವಾಗಿದೆ ಎಂಬ ನಮ್ಮ ಗುಮಾನಿ ಸರಿಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಮಾಡಿದೆವು. ವಿಮಾನ ಚಕ್ರದ ಮೇಲೆ ನಿಂತಿರುವಾಗ ಬಾಗಿಲಿನ ಸುತ್ತ ಸಂದು ಅಳೆದು ಗುರುತು ಹಾಕಿದೆವು. ಜಾಕ್ ಮೇಲೆ ಎತ್ತಿ ಮತ್ತೆ ಅಳೆದೆವು. ಎಡಗಡೆ ಬಾಗಿಲಿನ ಸಂದು ಅಷ್ಟಾಗಿ ಬದಲಾಗಲಿಲ್ಲ. ಬಲಗಡೆಯದು ಕಣ್ಣಿಗೆ ಕಾಣುವಷ್ಟು ಸರಿದಾಡಿತು. ಅಂದರೆ ಚೌಕಟ್ಟು ಸೊಟ್ಟಗಾಗಿ ಒಂದು ಕಡೆ ನಿಂತಿಲ್ಲ, ಭಾರ ಬಿದ್ದಾಗ ಬಿದ್ದಾಗ ಅಲುಗುತ್ತಿದೆ. ಆರು ತಿಂಗಳಿಗೊಮ್ಮೆ ಅದೇ ಕಥೆ ಯಾಕೆ ಎಂಬುದಕ್ಕೆ ಉತ್ತರ ಅಲ್ಲಿತ್ತು.

ನೆಲಹಾಸು ತೆಗೆದು ಕನ್ನಡಿ, ಟಾರ್ಚ್ ಹಿಡಿದು ನೋಡಿದಾಗ ಬಲಗಡೆ ಗೇರ್ ಬಾಕ್ಸಿನಲ್ಲಿ ತಗಡುಗಳನ್ನು ಜೋಡಿಸಿರುವ ರಿವೆಟ್‌ಗಳ ತಲೆಯ ಹಿಂದೆ ಕಪ್ಪು ಎಳೆಗಳು ಕಂಡವು. ಸಡಿಲವಾದ ರಿವೆಟ್ ಅಲುಗುತ್ತಾ ಅಲ್ಯೂಮಿನಿಯಂ ಉಜ್ಜಿ ಬರುವ ಪುಡಿ ಅದು. ಹೊಗೆ ಬಿಡುವ ರಿವೆಟ್ ಎನ್ನುತ್ತೇವೆ. ಕೆಂಪು ದ್ರಾವಣ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದೆವು. ಬಿರುಕಿನೊಳಗೆ ಉಳಿದ ಕೆಂಪು ಮೇಲೆ ಬಂದು ಕೂದಲೆಳೆಯಂಥ ಗೆರೆ ಮೂಡಿತು. ಒಂದಲ್ಲ, ಎರಡು ಕಡೆ.

ಹಳೆಯ ಲಾಗ್‌ಬುಕ್ ತಿರುವಿದಾಗ ಎಷ್ಟೋ ಮಾಲೀಕರ ಹಿಂದಿನ ಒಂದು ನಮೂದು ಸಿಕ್ಕಿತು. ಬಲ ರೆಕ್ಕೆಯ ತುದಿ ದುರಸ್ತಿ, ಚಕ್ರದ ಕಾಲು ಬಿಚ್ಚಿ ಪರೀಕ್ಷಿಸಿ ಮತ್ತೆ ಜೋಡಿಸಿದ್ದು. ಗ್ರೌಂಡ್ ಲೂಪ್ ಎಂದು ಯಾರೂ ಬರೆದಿರಲಿಲ್ಲ. ಕಾಲನ್ನು ಹಿಡಿದ ಕಟ್ಟಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆವತ್ತಿನಿಂದ ಅಷ್ಟೂ ವರ್ಷ ಜನ ಬಾಗಿಲನ್ನೇ ತಿದ್ದುತ್ತಾ ಬಂದಿದ್ದರು. ನನಗೆ ಇದು ಬೇಸರ ತರಿಸಿತು. ಕೆಟ್ಟ ಕೆಲಸ ಎಂದಲ್ಲ, ಒಬ್ಬೊಬ್ಬರೂ ಸಾಕಷ್ಟು ಶ್ರಮಪಟ್ಟಿದ್ದಾರೆ. ಆದರೆ ಬಿರುಕು ಬಿಟ್ಟ ಕಟ್ಟಿನ ಮೇಲೆ ಕುಟುಂಬಗಳನ್ನು ಕೂರಿಸಿಕೊಂಡು ಈ ವಿಮಾನ ಹಾರಿದೆ.

ಮೊದಲು ಕಂಬ

ಮಾಲೀಕರಿಗೆ ಹೇಳುವುದು ಕಷ್ಟವಾಯಿತು. ಅವರು ಕ್ರೋಮ್ ಹಿಡಿಯ ಫೋಟೋ, ಸೀಟಿನ ಬಟ್ಟೆಯ ತುಂಡು ಎಲ್ಲ ತಂದಿಟ್ಟುಕೊಂಡಿದ್ದರು.

"ಸರ್, ಬಾಗಿಲಿಗೆ ಈಗ ಕೈ ಹಚ್ಚೋದು ಬೇಡ. ದುಡ್ಡು ಮೊದಲು ನೆಲದ ಕೆಳಗೆ ಹೋಗಬೇಕು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಣದೇ ಇರೋ ಜಾಗಕ್ಕೆ ಅಷ್ಟು ಖರ್ಚಾ?" ಎಂದರು. ಕೆಂಪು ಗೆರೆಯನ್ನು ಕನ್ನಡಿಯಲ್ಲಿ ತೋರಿಸಿದೆ. ಎಂಜಿನಿಯರ್ ಅಲ್ವಾ, ಮತ್ತೆ ಮಾತಾಡಲಿಲ್ಲ. "ಹಾಗೇ ಮಾಡಪ್ಪ" ಎಂದರು.

ಇಲ್ಲಿ ಕಾನೂನಿನ ಒಂದು ಗೆರೆಯೂ ಇದೆ. ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಇರುವ ಮಾಲೀಕರು ತಮ್ಮ ವಿಮಾನದ ಕೆಲವು ಕೆಲಸಗಳನ್ನು ತಾವೇ ಮಾಡಿ ಸಹಿ ಹಾಕಬಹುದು. ಒಳಗಿನ ಬಟ್ಟೆ ಹೊಲಿಯುವುದು, ಸೀಟ್ ಬೆಲ್ಟ್ ಬದಲಿಸುವುದು, ಮುಖ್ಯ ಕಟ್ಟನ್ನು ಮುಟ್ಟದೆ ಪಕ್ಕದ ಕಿಟಕಿ ಬದಲಿಸುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಗೇರ್ ಬಾಕ್ಸ್ ಆ ಪಟ್ಟಿಯ ಹತ್ತಿರಕ್ಕೂ ಬರುವುದಿಲ್ಲ. ಅದು ದೊಡ್ಡ ದುರಸ್ತಿ. ತಪಾಸಣೆಯ ಅಧಿಕಾರ ಇರುವ ಹಿರಿಯ ಮೆಕ್ಯಾನಿಕ್ ನೋಡಿ ಒಪ್ಪಬೇಕು. ಏನು ಮಾಡಿದೆವು ಎಂಬುದನ್ನು 337 ಸಂಖ್ಯೆಯ ಫಾರಂನಲ್ಲಿ ಬರೆದು ವಿಮಾನಯಾನ ಇಲಾಖೆಯಾದ ಎಫ್‌ಎಎಗೆ ಕಳಿಸಬೇಕು. ಹಾಗಾಗಿ ಆ ಭಾಗವನ್ನು ಹಿರಿಯರೊಬ್ಬರ ಕಣ್ಗಾವಲಿನಲ್ಲಿ ಮಾಡಿದೆವು. ಮೈಯನ್ನು ತೊಟ್ಟಿಲಂಥ ಆಸರೆಯ ಮೇಲೆ ಕೂರಿಸಿ, ರೆಕ್ಕೆಯ ಭಾರ ಇಳಿಸಿ, ಕಾಲು ಬಿಚ್ಚಿ, ಹರಿದ ಭಾಗಗಳನ್ನು ಮಾನ್ಯತೆ ಇರುವ ಹೊಸ ಭಾಗಗಳಿಂದ ಬದಲಿಸಿದೆವು. ಭಾರ ಇಳಿಸದೆ ರಿವೆಟ್ ಹೊಡೆದರೆ ಸೊಟ್ಟವನ್ನೇ ಶಾಶ್ವತ ಮಾಡಿದ ಹಾಗೆ.

ಕೆಲಸ ಮುಗಿದ ಮೇಲೆ ಚೌಕಟ್ಟನ್ನು ಮತ್ತೆ ಮೂಲೆಯಿಂದ ಮೂಲೆಗೆ ಅಳೆದೆವು. ಎಡ ಬಲ ಹೊಂದಿದವು. ಆಮೇಲಷ್ಟೇ ಬಾಗಿಲನ್ನು ಮೇಜಿನ ಮೇಲೆ ತಂದದ್ದು.

ಬಾಗಿಲು

ಬಣ್ಣ ತೆಗೆದಾಗ ಹಳೆಯ ರಿಪೇರಿಗಳು ಒಂದೊಂದಾಗಿ ಹೊರಬಂದವು. ಕೆಳಮೂಲೆಯಲ್ಲಿ ಕಾರಿಗೆ ಬಳಸುವ ಪುಟ್ಟಿ ದಪ್ಪಗೆ ಕೂತಿತ್ತು. ವಿಮಾನದ ತಗಡಿಗೆ ಪುಟ್ಟಿ ಎಂದರೆ ಭಾರವೂ ಹೌದು, ಬಿರುಕಿಗೆ ಮುಸುಕೂ ಹೌದು. ಕೀಲುಗಳ ಕೆಳಗೆ ವಾಷರ್ ಮೇಲೆ ವಾಷರ್. ಒಂದು ಕೀಲನ್ನು ತಣ್ಣಗಿದ್ದಾಗಲೇ ಬಗ್ಗಿಸಿದ ಗುರುತು. ಎಲ್ಲಕ್ಕಿಂತ ಕೆಟ್ಟದ್ದು, ಮೇಲಿನ ಹಿಂಬದಿ ಅಂಚನ್ನು ಯಾರೋ ಅರ ಹಾಕಿ ಸವೆಸಿದ್ದರು. ಅಲ್ಲಿ ಬಾಗಿಲು ತಾಗುತ್ತಿತ್ತು, ತಾಗಿದ ಜಾಗ ತೆಗೆದಿದ್ದಾರೆ. ರಿವೆಟ್‌ನ ನಡುಬಿಂದುವಿನಿಂದ ತಗಡಿನ ಅಂಚಿಗೆ ಕನಿಷ್ಠ ರಿವೆಟ್‌ನ ವ್ಯಾಸದ ಎರಡರಷ್ಟು ದೂರ ಇರಬೇಕು ಎಂಬುದು ಈ ಕೆಲಸದ ಮೂಲ ಪಾಠ. ಇಲ್ಲಿ ಅಷ್ಟು ಅಂಚು ಉಳಿದಿರಲಿಲ್ಲ. ಹೊರ ತಗಡು ಹೋಗಲೇಬೇಕಾಯಿತು.

ಒಳಗಿನ ಚೌಕಟ್ಟನ್ನು ಮಾತ್ರ ಉಳಿಸಿಕೊಂಡೆವು. ಅದು 1954ರದೇ. ನೀರು ಇಳಿದುಹೋಗಲು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಹಿಂದೆ ಬಣ್ಣ ಹೊಡೆದವರು ಅವನ್ನು ಮುಚ್ಚಿಬಿಟ್ಟಿದ್ದರು. ಒಳಗೆ ಶಬ್ದ ತಡೆಯಲು ತುಂಬಿದ ಗಾಜಿನ ನಾರು ಒದ್ದೆಯಾಗಿ ವರ್ಷಗಟ್ಟಲೆ ಅಲ್ಲೇ ಕೂತು ತಗಡಿಗೆ ಬಿಳಿ ಕಿಲುಬು ಹಿಡಿಸಿತ್ತು. ಪಕ್ಕದ ಗೋಡೆಯ ಪ್ಯಾನೆಲ್ ಹಿಂದೆ ಇಲಿ ಗೂಡು. ಹೊಲಗಳ ನಡುವಿನ ಹ್ಯಾಂಗರ್‌ಗಳಲ್ಲಿ ಇದು ಮಾಮೂಲಿ. ಇಲಿಯ ಮೂತ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಗೂಡು ಸಿಕ್ಕಿದ ಕಡೆಯೆಲ್ಲ ಕೆಳಗಿನ ತಗಡನ್ನು ಹುಡುಕಿ ನೋಡಲೇಬೇಕು.

ಒಂದು ಎಚ್ಚರಿಕೆ ಇಲ್ಲಿ ಹೇಳಬೇಕು. ಹಳೆಯ ವಿಮಾನಗಳ ಒಳಮೈಗೆ ಬಳಿದಿರುವ ಹಳದಿ-ಹಸಿರು ಪ್ರೈಮರ್ ಝಿಂಕ್ ಕ್ರೋಮೇಟ್. ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಒಣಗಿದ್ದಾಗ ಮರಳು ಕಾಗದ ಹಾಕಿ ಉಜ್ಜಬಾರದು. ಒದ್ದೆ ಮಾಡಿ, ಸರಿಯಾದ ಮಾಸ್ಕ್ ಹಾಕಿಕೊಂಡು, ಬಂದ ಕೆಸರನ್ನು ಬೇರೆ ಡಬ್ಬಿಯಲ್ಲಿ ಹಿಡಿದಿಡಬೇಕು.

ಹೊಸ ತಗಡು ಹಾಕುವಾಗ ಹಲವರು ಬಾಗಿಲನ್ನು ಮೇಜಿನ ಮೇಲೆ ಮಲಗಿಸಿ ಪೂರ್ತಿ ರಿವೆಟ್ ಹೊಡೆದು ಆಮೇಲೆ ತೂಗುಹಾಕುತ್ತಾರೆ. ಆಗ ಮೇಜಿನ ಹಾಗೆ ಚಪ್ಪಟೆ ಬಾಗಿಲು ಬರುತ್ತದೆ, ವಿಮಾನದ ಮೈ ಮಾತ್ರ ಬಾಗಿರುತ್ತದೆ. ನಾವು ಮೊದಲು ಖಾಲಿ ಚೌಕಟ್ಟನ್ನು ಹೊಸ ಕೀಲು, ಹೊಸ ಪಿನ್ನುಗಳ ಮೇಲೆ ವಿಮಾನಕ್ಕೇ ತೂಗುಹಾಕಿ, ಮುಚ್ಚಿ, ಚಿಲಕ ಹಾಕಿ, ಸುತ್ತಲೂ ಮೈಗೆ ಸಮವಾಗಿ ನಿಲ್ಲುವಂತೆ ತಿದ್ದಿದೆವು. ಆಮೇಲೆ ತಗಡನ್ನು ಅಂಚು ಸ್ವಲ್ಪ ಜಾಸ್ತಿ ಬಿಟ್ಟು ಅದರ ಮೇಲೆ ಹೊಂದಿಸಿ ಕ್ಲೀಕೋ ಹಾಕಿ ಹಿಡಿಸಿದೆವು. ಕ್ಲೀಕೋ ಎಂದರೆ ರಿವೆಟ್ ಹೊಡೆಯುವವರೆಗೆ ತೂತಿನಲ್ಲಿ ತಗಡುಗಳನ್ನು ಹಿಡಿದಿಡುವ ಸ್ಪ್ರಿಂಗ್ ಪಿನ್ನು. ಬಾಗಿಲನ್ನು ಬಿಚ್ಚಿ ರಿವೆಟ್ ಹೊಡೆಯುವಾಗಲೂ ಒಂದು ತುದಿಯಿಂದ ಸಾಲಾಗಿ ಹೋಗಲಿಲ್ಲ. ಹಾಗೆ ಹೋದರೆ ತಗಡು ಹಿಗ್ಗುತ್ತಾ ಕೊನೆಯಲ್ಲಿ ಉಬ್ಬುತ್ತದೆ. ನಡುವಿನಿಂದ ಶುರುಮಾಡಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅಂಚನ್ನು ಕತ್ತರಿಸಿ ಸಂದು ಬಿಟ್ಟದ್ದು ಕಟ್ಟಕಡೆಗೆ.

ಬೀಡಿಂಗ್ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಗಾಳಿ ಬರುತ್ತಿದೆ ಎಂದು ದಪ್ಪ ರಬ್ಬರ್ ಅಂಟಿಸುವುದು ತಪ್ಪು. ದಪ್ಪ ರಬ್ಬರ್ ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ, ಚಿಲಕ ಪೂರ್ತಿ ಕೂರುವುದಿಲ್ಲ. ಹಾರುವಾಗ ಹೊರಗಿನ ಗಾಳಿಯ ಒತ್ತಡ ಕಡಿಮೆ, ಅದು ಬಾಗಿಲನ್ನು ಹೊರಕ್ಕೆ ಎಳೆಯುತ್ತಲೇ ಇರುತ್ತದೆ. ಅರ್ಧ ಕೂತ ಚಿಲಕ ಆಗ ಜಾರುತ್ತದೆ. ತೆರೆದುಕೊಂಡ ಬಾಗಿಲಿನಿಂದ ಈ ವಿಮಾನ ಬೀಳುವುದಿಲ್ಲ, ಬಾಗಿಲು ಸ್ವಲ್ಪ ತೆರೆದು ಗಾಳಿಗೆ ಒತ್ತಿಕೊಂಡು ನಿಲ್ಲುತ್ತದೆ ಅಷ್ಟೇ. ಅಪಾಯ ಇರುವುದು ಗಾಬರಿಯಲ್ಲಿ, ಪೈಲಟ್ ಹಾರಿಸುವುದನ್ನು ಬಿಟ್ಟು ಬಾಗಿಲು ಎಳೆಯಲು ಹೋಗುವುದರಲ್ಲಿ. ನಾವು ತೆಳ್ಳಗಿನ, ಒಳಗೆ ಟೊಳ್ಳು ಇರುವ ಬೀಡಿಂಗ್ ಹಾಕಿದೆವು. ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡುವುದೇ ಪರೀಕ್ಷೆ. ಎಲ್ಲ ಕಡೆ ಒಂದೇ ಬಿಗಿಯಲ್ಲಿ ಜಾರಬೇಕು.

ಒಳಗಿನ ಸಾಮಾನು

ಕಾಕ್‌ಪಿಟ್‌ನಲ್ಲಿ ಮೊದಲು ನೋಡಿದ್ದು ಸೀಟಿನ ಹಳಿ. ಚೆಂದದ ಕೆಲಸ ಅಲ್ಲ ಅದು, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮುಂದಿನ ಸೀಟು ಹಳಿಯ ಮೇಲೆ ಜಾರಿ, ಹಳಿಯ ತೂತಿನಲ್ಲಿ ಒಂದು ಪಿನ್ನು ಕೂತು ನಿಲ್ಲುತ್ತದೆ. ತೂತು ಸವೆದು ಮೊಟ್ಟೆಯಾಕಾರ ಆದರೆ ಪಿನ್ನು ಜಾರುತ್ತದೆ. ಮೇಲೇರುವಾಗ ಮೂಗು ಎತ್ತಿದ ಕ್ಷಣದಲ್ಲಿ ಸೀಟು ಹಿಂದಕ್ಕೆ ಓಡಿದರೆ ಪೈಲಟ್ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ, ಸಿಗುವುದು ಕಂಟ್ರೋಲ್ ಚಕ್ರ. ಅದನ್ನು ಎಳೆದರೆ ಮೂಗು ಇನ್ನೂ ಮೇಲೆ. ಸೆಸ್ನಾದ ಹಲವು ಮಾದರಿಗಳಲ್ಲಿ ಹೀಗೆ ಅಪಘಾತಗಳಾಗಿ, 1987ರಲ್ಲಿ ಎಫ್‌ಎಎ ಕಡ್ಡಾಯ ತಪಾಸಣೆಯ ಆದೇಶ ಹೊರಡಿಸಿತು, 2011ರಲ್ಲಿ ಅದರ ಜಾಗಕ್ಕೆ ಹೊಸ ಆದೇಶ ಬಂತು. ನಮ್ಮ ವಿಮಾನದ ಪೈಲಟ್ ಕಡೆಯ ಹಳಿ ಸವೆದಿತ್ತು. ಹಳಿ, ಪಿನ್ನು, ಸೀಟಿನ ಉರುಳೆ ಮೂರನ್ನೂ ಬದಲಿಸಿದೆವು. ಹಳೆಯ ಹಳಿ ಮೂಲದ್ದು ಎಂಬ ಕಾರಣಕ್ಕೆ ಉಳಿಸುವ ಪ್ರಶ್ನೆಯೇ ಬರಲಿಲ್ಲ.

ಗುಬ್ಬಿ, ಹಿಡಿಗಳಲ್ಲಿ ಧಾರಾಳವಾಗಿ ಹಳೆಯದನ್ನು ಉಳಿಸಿದೆವು. ರೆಕ್ಕೆಯ ಹಿಂದಂಚಿನ ಫ್ಲ್ಯಾಪ್ ಏರಿಸಿ ಇಳಿಸಲು ಸೀಟುಗಳ ನಡುವೆ ಇರುವ ಉದ್ದನೆಯ ಸನ್ನೆಗೋಲಿನ ಹಿಡಿ ಕೈ ಸವೆತದಿಂದ ಹೊಳೆಯುತ್ತಿತ್ತು, ಹಾಗೇ ಬಿಟ್ಟೆವು. ಬಿಸಿಲಿಗೆ ಬಿರುಕು ಬಿಟ್ಟ ಪ್ಲಾಸ್ಟಿಕ್ ಗುಬ್ಬಿಗಳಲ್ಲಿ ಕೈಯಲ್ಲಿ ಪುಡಿಯಾಗುವಂಥವನ್ನು ಮಾತ್ರ ತೆಗೆದೆವು. ಬಾಗಿಲಿನ ಹಿಡಿಗೆ ಹೊಸ ಕ್ರೋಮ್ ಬೇಕೆಂದು ಮಾಲೀಕರು ಮೊದಲು ಹೇಳಿದ್ದರು. ಪಾಲಿಶ್ ಮಾಡಿ ತೋರಿಸಿದ ಮೇಲೆ ಒಪ್ಪಿದರು.

ಎತ್ತರ ತೋರಿಸುವ ಆಲ್ಟಿಮೀಟರ್‌ನ ಮುಳ್ಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಇತ್ತು. ಆ ಕಾಲದ ಹಲವು ಉಪಕರಣಗಳಲ್ಲಿ ಅದು ರೇಡಿಯಂ. ಹೊಳಪು ಸತ್ತಿರುತ್ತದೆ, ರೇಡಿಯಂ ಸತ್ತಿರುವುದಿಲ್ಲ. ಅದು ಅರ್ಧಕ್ಕಿಳಿಯಲು 1600 ವರ್ಷ ಬೇಕು. ಗಾಜು ಮುಚ್ಚಿದ್ದರೆ ದೊಡ್ಡ ತೊಂದರೆ ಇಲ್ಲ, ತೆರೆದು ಕೆರೆದರೆ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ನಾವು ತೆರೆಯಲಿಲ್ಲ, ಪರವಾನಗಿ ಇರುವ ಉಪಕರಣದ ಅಂಗಡಿಗೆ ಕಳಿಸಿದೆವು.

ಬಟ್ಟೆಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ನಿಜವಾಗಿ ಚರ್ಚೆ ಆಯಿತು. ಮಾಲೀಕರು ಊರಿನಿಂದ ಕಪ್ಪು ಕಂಬಳಿ ತಂದಿದ್ದರು. ಚಳ್ಳಕೆರೆಯ ಕಂಬಳಿ, ಕುರಿ ಉಣ್ಣೆಯದು. "ಬಾಗಿಲಿನ ಒಳಗಡೆ ಇದನ್ನೇ ಹೊದಿಸೋಣ. ಉಣ್ಣೆ ಅಲ್ವಾ, ಬೆಂಕಿ ಬೇಗ ಹಿಡಿಯೋದಿಲ್ಲ" ಎಂದರು. ಅವರ ಮಾತು ಸರಿ. ವಿಮಾನದ ಒಳಗೆ ಹೊದಿಸುವ ಯಾವುದೇ ಬಟ್ಟೆಗೂ ಬೆಂಕಿ ಪರೀಕ್ಷೆಯ ದಾಖಲೆ ಬೇಕು, ಹತ್ತಿಗಿಂತ ಉಣ್ಣೆ ಅದರಲ್ಲಿ ಎಷ್ಟೋ ಮೇಲು. ತುಂಡು ಕಳಿಸಿದೆವು, ಪಾಸಾಗಿ ಬಂತು. ಆದರೂ ನಾನು ಬಾಗಿಲಿಗೆ ಬೇಡ ಎಂದೆ. ಕಂಬಳಿ ಭಾರ, ನೀರು ಹೀರಿಕೊಂಡು ಬಹಳ ಹೊತ್ತು ಬಿಡುವುದಿಲ್ಲ. ಈ ಬಾಗಿಲನ್ನು ತಿಂದದ್ದೇ ಒಳಗೆ ಕೂತ ಒದ್ದೆ. ಅದನ್ನೇ ನಾವು ಮತ್ತೆ ಹೊಲಿದು ಕೊಡುವುದೇ? ಕೊನೆಗೆ ಬಾಗಿಲಿಗೆ ತೆಳುವಾದ, ದಾಖಲೆ ಇರುವ ವಿಮಾನದ ಬಟ್ಟೆ ಬಂತು, ಸುಲಭವಾಗಿ ಬಿಚ್ಚಲು ಬರುವ ಹಾಗೆ ಸ್ಕ್ರೂ ಹಾಕಿ. ಕಂಬಳಿ ಹಿಂದಿನ ಸೀಟಿನ ಬೆನ್ನಿಗೆ ಹೋಯಿತು. ಅಲ್ಲಿ ಗಾಳಿ ಆಡುತ್ತದೆ, ತಗಡು ತಾಗುವುದಿಲ್ಲ. ಆ ಭಾಗವನ್ನು ಮಾಲೀಕರು ತಾವೇ ಕೂತು ಹೊಲಿದರು.

ಕಡೆಯಲ್ಲಿ ವಿಮಾನವನ್ನು ಮತ್ತೆ ತೂಗಿದೆವು. ಪುಟ್ಟಿ, ಹಳೆಯ ಬಣ್ಣದ ಪದರ, ಒದ್ದೆ ನಾರು ಎಲ್ಲ ಹೋಗಿ ಕಂಬಳಿ ಸೇರಿದ ಮೇಲೂ ಖಾಲಿ ಭಾರ ಮೊದಲಿಗಿಂತ ಕಡಿಮೆ ಬಂತು. ಭಾರದ ಕೇಂದ್ರದ ಲೆಕ್ಕವನ್ನು ಹೊಸದಾಗಿ ಬರೆದೆವು.

ಹಾರಾಟದ ಮೇಲೆ

ಈಗ ವಿಮಾನ ಮತ್ತೆ ಹಾರುತ್ತಿದೆ. ಬಲ ಬಾಗಿಲು ಒಂದು ಬೆರಳಿನ ತಳ್ಳುವಿಕೆಗೆ ಮುಚ್ಚುತ್ತದೆ, ಸಿಳ್ಳೆ ಇಲ್ಲ. ಮಳೆಯಲ್ಲಿ ನಿಂತಾಗ ಮುಂದಿನ ಗಾಜಿನ ಬುಡದಿಂದ ಒಂದೆರಡು ಹನಿ ಬರುತ್ತದೆ, ಅದು ಬೇರೆ ಕೆಲಸ. ಎಡ ಬಾಗಿಲಿನ ತೆರೆಯುವ ಕಿಟಕಿಯಲ್ಲಿ ಸಣ್ಣ ಸದ್ದಿದೆ. ಚೌಕಟ್ಟು ಅಲುಗದೇ ಇರುವುದರಿಂದ ಅದನ್ನು ಮುಂದಿನ ವಾರ್ಷಿಕ ತಪಾಸಣೆಗೆ ಬಿಟ್ಟಿದ್ದೇವೆ.

ಎರಡೂ ಬಾಗಿಲುಗಳ ಸಂದನ್ನು ನಾಲ್ಕು ಮೂಲೆಯಲ್ಲೂ ಅಳೆದು, ಚಕ್ರದ ಮೇಲೆ ಎಷ್ಟು, ಜಾಕ್ ಮೇಲೆ ಎಷ್ಟು ಎಂದು ಲಾಗ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಯಾವ ನಿಯಮವೂ ಅದನ್ನು ಕೇಳುವುದಿಲ್ಲ. ಮುಂದೆ ಯಾರಾದರೂ ಒರಟಾಗಿ ಇಳಿಸಿದರೆ, ಆ ಮೆಕ್ಯಾನಿಕ್ ಅರ ಕೈಗೆತ್ತಿಕೊಳ್ಳುವ ಮೊದಲು ಹೋಲಿಸಿ ನೋಡಲು ಒಂದು ಅಳತೆ ಇರಲಿ ಎಂದು.